ಕೇಳದೆ ತೆಗೆದ ಒಂದು ಫೋಟೋ

ಕಳೆದ ರಂಜಾನ್ ಹಬ್ಬದ ಸಂಜೆ ಚನ್ನಪಟ್ಟಣದ ನಮ್ಮ ಹಳೆಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಶೀರ್ ಖುರ್ಮಾದ ಬಟ್ಟಲುಗಳು ಖಾಲಿಯಾಗಿ ಹರಟೆ ಆರಂಭವಾಗಿತ್ತು. ಮನೆಯ ಕಂದಾಯದ ರಸೀದಿ ಹುಡುಕಲು ಅಬ್ಬಾರ ತಗಡಿನ ಪೆಟ್ಟಿಗೆ ತೆರೆದಿದ್ದ ತಮ್ಮನ ಮಗನ ಕೈಗೆ, ಒಂದು ಖಾಕಿ ಲಕೋಟೆಯೊಳಗಿಂದ ಹಳೆಯ ಫೋಟೋ ಸಿಕ್ಕಿತು. ಅದನ್ನು ಅವನು ನನಗೆ ತೋರಿಸುವ ಹೊತ್ತಿಗಾಗಲೇ ಮೊಬೈಲಿನಲ್ಲಿ ಸೆರೆಹಿಡಿದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಯಾಗಿತ್ತು. ಕೆಳಗೆ 'ನಮ್ಮ ಪರ್‌ದಾದಿ' ಎಂಬ ಎರಡು ಪದ, ಪಕ್ಕದಲ್ಲೊಂದು ಕೆಂಪು ಹೃದಯ. ರಾತ್ರಿ ಊಟದ ಹೊತ್ತಿಗೆ ನೂರಕ್ಕೂ ಹೆಚ್ಚು ಮಂದಿ ಅದನ್ನು ನೋಡಿದ್ದರು. ಅವನ ಕಾಲೇಜಿನ ಗೆಳೆಯರು, ಟ್ಯೂಷನ್ ಮೇಷ್ಟ್ರು, ಬೈಕ್ ರಿಪೇರಿ ಮಾಡುವವನು. ಎಲ್ಲರೂ ಒಳ್ಳೆಯ ಮಾತನ್ನೇ ಬರೆದಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನ ಮೇಲೆ ಸಿಟ್ಟಿರಲಿಲ್ಲ. ಅವನು ಪ್ರೀತಿಯಿಂದಲೇ ಹಾಕಿದ್ದ. ಆದರೆ ಆ ಫೋಟೋ ಹೇಗೆ ಹುಟ್ಟಿತು ಎಂಬುದು ಆ ಮನೆಯಲ್ಲಿ ಈಗ ನನಗೊಬ್ಬನಿಗೇ ಗೊತ್ತು. ಅದು ನಾನು ಕದ್ದ ಫೋಟೋ. ಅದನ್ನು ತೆಗೆಯುವುದಿಲ್ಲವೆಂದು ಮಾತು ಕೊಟ್ಟು, ತೆಗೆದು, ಆ ಮೇಲೆ ತೆಗೆದಿಲ್ಲವೆಂದು ಸುಳ್ಳು ಹೇಳಿದ್ದೆ.

ನಮ್ಮದು ಗೊಂಬೆ ಮಾಡುವವರ ಮನೆ. ಹಿತ್ತಿಲ ಕಡೆಯ ಚಪ್ಪರದಲ್ಲಿ ಲೇತು ಯಂತ್ರ ಬೆಳಗಿನಿಂದ ಸಂಜೆಯವರೆಗೆ ಗರ್ ಎನ್ನುತ್ತಿತ್ತು. ಅಬ್ಬಾ ಹಾಲೆ ಮರದ ತುಂಡನ್ನು ಅದಕ್ಕೆ ಸಿಕ್ಕಿಸಿ ಉಳಿ ಹಿಡಿದರೆ, ಸಿಪ್ಪೆ ಹಾರಿ ಹಾರಿ ಒಳಗಿನಿಂದ ಒಂದು ತಲೆ, ಒಂದು ಕುತ್ತಿಗೆ, ಒಂದು ಹೊಟ್ಟೆ ಮೂಡುತ್ತಿತ್ತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆ ಮೇಲೆ ಗೊಂಬೆಗಳು ಬುಟ್ಟಿ ತುಂಬಿ ಅಂಗಳಕ್ಕೆ ಬರುತ್ತಿದ್ದವು. ಅಲ್ಲಿ ಚಾಪೆಯ ಮೇಲೆ ಕುಳಿತ ನನ್ನ ದಾದಿ, ಸಣ್ಣ ಕುಂಚದಿಂದ ಅವಕ್ಕೆ ಕಣ್ಣು ಬರೆಯುತ್ತಿದ್ದಳು. ಎರಡು ಚುಕ್ಕೆ, ಎರಡು ಹುಬ್ಬು. ಅಷ್ಟರಲ್ಲಿ ಮರ ನಮ್ಮನ್ನು ನೋಡತೊಡಗುತ್ತಿತ್ತು.

ದಿನಕ್ಕೆ ನೂರಾರು ಕಣ್ಣು ಬರೆಯುತ್ತಿದ್ದ ದಾದಿ ತನ್ನ ಫೋಟೋ ತೆಗೆಯಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಮದುವೆಮನೆಗಳಲ್ಲಿ ಕ್ಯಾಮೆರಾದವನು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಉರ್ದು ಶಾಲೆಯಲ್ಲಿ ಕಲಿತ ಬುದ್ಧಿಯನ್ನೆಲ್ಲ ಉಪಯೋಗಿಸಿ ಒಮ್ಮೆ ಕೆಣಕಿದ್ದೆ: "ಗೊಂಬೆಗೆ ಕಣ್ಣು ಬರೆಯಬಹುದು, ಫೋಟೋ ಮಾತ್ರ ಯಾಕೆ ಬೇಡ ದಾದಿ?"

ಅವಳು ಕುಂಚ ಕೆಳಗಿಡದೆ ಹೇಳಿದಳು: "ಗೊಂಬೆ ಯಾರ ಹಾಗೂ ಇಲ್ಲ ಬೇಟಾ. ಫೋಟೋದಲ್ಲಿ ಇರೋದು ನಾನು. ನಾನು ಹೋದ ಮೇಲೆ ನನ್ನನ್ನ ಯಾರ ಮುಂದೆ ಹಿಡೀತಾರೋ, ಯಾವ ಗೋಡೆಗೆ ಹೊಡೀತಾರೋ, ನನಗೇನು ಗೊತ್ತು? ನಕ್ಕೋ."

ನಮ್ಮ ದಖನಿಯ ಈ 'ನಕ್ಕೋ' ಎಂಬ ಪದ 'ಬೇಡ' ಎಂಬುದಕ್ಕಿಂತ ಮೃದು, ಆದರೆ ಹೆಚ್ಚು ಗಟ್ಟಿ. ಅದರ ಮೇಲೆ ಮಾತಿಲ್ಲ.

1993ರಲ್ಲಿ ಚಿಕ್ಕಪ್ಪ ಜೆದ್ದಾದಿಂದ ಬರುವಾಗ ಒಂದು ಯಾಶಿಕಾ ಕ್ಯಾಮೆರಾ ತಂದರು. ಆಗ ನನಗೆ ಹದಿನಾಲ್ಕು. ಒಂದು ರೋಲಿಗೆ 36 ಚಿತ್ರ. ಅದಕ್ಕೆ ಕಾಸು, ತೊಳೆಸಲು ಕಾಸು, ಪ್ರಿಂಟಿಗೆ ಕಾಸು. ಹಾಗಾಗಿ 36ನ್ನೂ ಮೊದಲೇ ಹಂಚಿಡಬೇಕಿತ್ತು: ಅಕ್ಕನ ನಿಶ್ಚಿತಾರ್ಥಕ್ಕೆ ಇಪ್ಪತ್ತು, ಹೊಸ ಮಗುವಿಗೆ ನಾಲ್ಕು, ಶಾಲೆಯ ಗೆಳೆಯರಿಗೆ ಆರು, ಹೀಗೆ. ರೋಲು ಮುಗಿಯಲು ಎರಡು ಬಾಕಿಯಿದ್ದಾಗ ಕ್ಯಾಮೆರಾ ನನ್ನ ಕೈಗೆ ಬಂತು. "ದಾದಿಯದು ತೆಗೀಬೇಡ" ಎಂದು ಅಬ್ಬಾ ಹೇಳಿದರು. "ತೆಗೆಯೋಲ್ಲ" ಎಂದು ದಾದಿಯ ಎದುರಿಗೇ ಮಾತು ಕೊಟ್ಟೆ.

ಮರುದಿನ ಬೆಳಗಿನ ಎಳೆಬಿಸಿಲು ಅಂಗಳಕ್ಕೆ ಓರೆಯಾಗಿ ಬಿದ್ದಿತ್ತು. ದಾದಿ ಒಂದು ಗೊಂಬೆಯನ್ನು ಕಣ್ಣ ಹತ್ತಿರ ಹಿಡಿದು ಎಡಗಣ್ಣಿನ ಚುಕ್ಕೆ ಇಡುತ್ತಿದ್ದಳು. ತಲೆಯ ಮೇಲಿನ ಸೆರಗು ಸ್ವಲ್ಪ ಜಾರಿ ನೆರೆತ ಕೂದಲು ಕಾಣುತ್ತಿತ್ತು. ಉಸಿರು ಬಿಗಿಹಿಡಿದ ತುಟಿ ಒಂದು ಬದಿಗೆ ತಿರುಗಿತ್ತು. ನಾನು ಕಂಬದ ಮರೆಯಿಂದ ಗುಂಡಿ ಒತ್ತಿದೆ. ಲೇತಿನ ಸದ್ದಿನಲ್ಲಿ ಕ್ಲಿಕ್ ಎಂದದ್ದು ಯಾರಿಗೂ ಕೇಳಲಿಲ್ಲ. ಸಂಜೆ ಅದೇಕೋ ಅವಳು, "ನಂದು ತೆಗೆದಿಲ್ಲ ತಾನೆ?" ಎಂದು ಕೇಳಿದಳು. "ಇಲ್ಲ ದಾದಿ" ಎಂದೆ. ನಂಬಿದಳು. ಅವಳು ನಂಬಿದ್ದೇ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೆಲವು ವರ್ಷಗಳ ಅನಂತರ ದಾದಿ ತೀರಿಕೊಂಡಳು. ಆಗ ಮನೆಯಲ್ಲಿ ಅವಳ ಮುಖವಿದ್ದದ್ದು ಒಂದೇ ಕಡೆ: ಮತದಾರರ ಗುರುತಿನ ಚೀಟಿಯಲ್ಲಿ. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಚೀಟಿಗೆ ಆದೇಶ ಹೊರಡಿಸಿದ ಮೇಲೆ ನಮ್ಮ ಬೀದಿಯವರೆಲ್ಲ ಸರದಿ ನಿಂತು ಫೋಟೋ ತೆಗೆಸಿಕೊಂಡಿದ್ದರು. "ಹುಕುಮ್ ಅಂದ ಮೇಲೆ ಏನು ಮಾಡೋದು" ಎಂದು ದಾದಿಯೂ ಕುಳಿತಿದ್ದಳು. ಚೀಟಿಯಲ್ಲಿರುವವಳು ಯಾವುದೋ ಆರೋಪ ಹೊತ್ತು ನಿಂತ ಹೆಂಗಸಿನ ಹಾಗೆ ಕಾಣುತ್ತಾಳೆ. ಅದು ದಾದಿಯಲ್ಲ. ನಾಲ್ಕನೆಯ ದಿನ ನಾನು ಬಚ್ಚಿಟ್ಟಿದ್ದ ಫೋಟೋ ತಂದು ಅಬ್ಬಾರ ಕೈಗಿಟ್ಟೆ. ಅವರು ಅದನ್ನು ನೋಡಿ ಮಗುವಿನ ಹಾಗೆ ಅತ್ತರು. ಪಕ್ಕದಲ್ಲಿ ಕುಳಿತಿದ್ದ ಫುಪ್ಪು ಒಮ್ಮೆ ನೋಡಿ ಮುಖ ತಿರುಗಿಸಿದಳು. "ಅಮ್ಮ ಬೇಡ ಅಂದಿದ್ದಳು. ಸುಟ್ಟುಬಿಡು" ಎಂದಳು.

ತಾಯಿಯನ್ನು ಒಂದೇ ಸಮ ಪ್ರೀತಿಸಿದ ಇಬ್ಬರು ಮಕ್ಕಳು. ಒಬ್ಬರಿಗೆ ಅದು ತಾಯಿ ಮರಳಿ ಬಂದ ಹಾಗೆ, ಇನ್ನೊಬ್ಬರಿಗೆ ತಾಯಿಯ ಮಾತು ಮುರಿದ ಹಾಗೆ. ಅಬ್ಬಾ ಸುಡಲಿಲ್ಲ, ಗೋಡೆಗೂ ಹಾಕಲಿಲ್ಲ. ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಸೇರಿಸಿದರು. ಯಾರಿಗೂ ಪೂರ್ತಿ ನ್ಯಾಯ ಸಿಗದ, ಆದರೆ ಯಾರಿಗೂ ಪೂರ್ತಿ ಅನ್ಯಾಯವೂ ಆಗದ ಒಂದು ತೀರ್ಪು ಅದು ಎಂದು ಈಗ ಅನ್ನಿಸುತ್ತದೆ.

ಇದನ್ನು ಧರ್ಮದ ಪ್ರಶ್ನೆಯೆಂದು ಬದಿಗೆ ಸರಿಸುವವರಿದ್ದಾರೆ. ಚಿತ್ರದ ವಿಷಯದಲ್ಲಿ ನಮ್ಮ ಆಲಿಮರ ನಡುವೆ ಹಳೆಯ ಚರ್ಚೆಯಿದೆ, ಅದು ಮುಗಿದಿಲ್ಲ. ಹಜ್ರತ್ ಆಯಿಶಾ ಅವರ ಕೋಣೆಯ ಚಿತ್ರದ ಪರದೆಯನ್ನು ತೆಗೆಸಿದ ಪ್ರಸಂಗ ಹದೀಸಿನಲ್ಲಿದೆ. ಅದೇ ಆಯಿಶಾ ಗೊಂಬೆಗಳೊಂದಿಗೆ ಆಡುತ್ತಿದ್ದ ಪ್ರಸಂಗವೂ ಇದೆ. ಗೊಂಬೆನಾಡಿನ ನಮಗೆ ಈ ಎರಡನೆಯದು ಸಹಜವಾಗಿಯೇ ಹೆಚ್ಚು ನೆನಪಿರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ, ಫೋಟೋ ಎಂದರೆ ಹೊಸದೊಂದು ರೂಪದ ಸೃಷ್ಟಿಯಲ್ಲ, ಇರುವ ನೆರಳನ್ನೇ ಹಿಡಿದಿಡುವುದು ಎಂದು ವಾದಿಸಿ ಅದಕ್ಕೆ ಸಮ್ಮತಿ ನೀಡಿದರು. ನಮ್ಮ ಉಪಖಂಡದ ಅನೇಕ ಉಲೇಮಾಗಳು ಅದನ್ನು ಒಪ್ಪಲಿಲ್ಲ. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ದಾದಿಯ ಮಾತನ್ನು ಮತ್ತೆ ಓದಿ ನೋಡಿ. ಅವಳು ಹರಾಮ್ ಎಂಬ ಪದ ಬಳಸಲಿಲ್ಲ. ತನ್ನ ಮುಖ ತನ್ನ ಕೈ ತಪ್ಪಿದ ಮೇಲೆ ಯಾರ ಮುಂದೆ ಹೋಗುತ್ತದೆ ಎಂದು ಕೇಳಿದಳು. ಇದು ನಮಾಜು ಮಾಡುವವರಿಗೂ ಪೂಜೆ ಮಾಡುವವರಿಗೂ ಎರಡೂ ಮಾಡದವರಿಗೂ ಸಮಾನವಾಗಿ ತಟ್ಟುವ ಪ್ರಶ್ನೆ.

ಹಾಗಾದರೆ ಮನೆಯವರ, ಗೆಳೆಯರ ಫೋಟೋ ತೆಗೆಯುವುದೇ ತಪ್ಪೇ? ಹಾಗೆನ್ನಲು ನನಗೆ ಮನಸ್ಸು ಬರುವುದಿಲ್ಲ. ಏಕೆಂದರೆ ತೆಗೆಯದೆ ಉಳಿದ ಮುಖಗಳ ಲೆಕ್ಕವೂ ನಮ್ಮ ಸೀಮೆಯಲ್ಲಿ ದೊಡ್ಡದಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣಗೊಂಡ 'ಶೋಲೆ' 1975ರ ಆಗಸ್ಟ್ 15ರಂದು ತೆರೆಗೆ ಬಂತು. ಅಂದಿನಿಂದ ಆ ಬಂಡೆಗಳ ಗುರುತು ದೇಶಕ್ಕೆಲ್ಲ ಇದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಾದರೂ, ಹೊರಗಿನವರು ಕೇಳುವುದು 'ಗಬ್ಬರ್ ಕುಳಿತಿದ್ದ ಬಂಡೆ ಯಾವುದು' ಎಂದೇ. ಅದೇ ಊರಿನ ನೂಲು ಬಿಚ್ಚಾಣಿಕೆ ಮನೆಗಳಲ್ಲಿ, ಕುದಿನೀರಿಗೆ ಬೆರಳದ್ದಿ ರೇಷ್ಮೆ ಗೂಡಿನ ಎಳೆ ಹುಡುಕುತ್ತ ಜೀವ ಸವೆಸಿದ ಹೆಂಗಸರಿದ್ದರು. ನನ್ನ ಅಮ್ಮಿಯ ತಾಯಿ ಅವರಲ್ಲೊಬ್ಬಳು. ನೀರಿನಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕಾಗಿದ್ದವಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನಾನು ನೋಡಿಲ್ಲ. ಅವಳ ಒಂದೂ ಫೋಟೋ ಇಲ್ಲ. ಬಂಡೆಯ ಮುಖ ದೇಶಕ್ಕೆಲ್ಲ ಗೊತ್ತು, ಅದರ ಬುಡದಲ್ಲಿ ದುಡಿದವಳ ಮುಖ ಮೊಮ್ಮಗನಿಗೇ ಗೊತ್ತಿಲ್ಲ.

ದೊಡ್ಡವರ ಮನೆಗಳಲ್ಲಿ ಚೌಕಟ್ಟು ಹಾಕಿದ ಹಿರಿಯರು ಸಾಲಾಗಿ ಗೋಡೆಯ ಮೇಲಿರುತ್ತಾರೆ. ಬಡವರಿಗೆ ಸಿಗುವುದು ಸರ್ಕಾರ ಕೇಳಿದಾಗ ತೆಗೆಸಿಕೊಟ್ಟ ಮುಖ ಮಾತ್ರ: ಮತದಾರರ ಚೀಟಿ, ರೇಷನ್ ಕಾರ್ಡು, ಪಾಸ್‌ಪೋರ್ಟು. ಅವುಗಳಲ್ಲಿ ನಾವು ಯಾರೆಂದು ಸಾಬೀತಾಗುತ್ತದೆ. ಹೇಗಿದ್ದೆವು ಎಂಬುದು ತಿಳಿಯುವುದಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುವ ತಾಯಿ, ಸೈಕಲ್ ಚೈನಿಗೆ ಎಣ್ಣೆ ಬಿಡುವ ತಂದೆ, ಜಡೆ ಹೆಣೆಯುತ್ತ ಜಗಳಾಡುವ ಅಕ್ಕ ತಂಗಿ, ಇವರನ್ನು ಹಿಡಿದಿಡುವ ಕ್ಯಾಮೆರಾ ಮನೆಯವರ ಕೈಯಲ್ಲೇ ಇರಬೇಕು. ಆ ದೃಷ್ಟಿಯಿಂದ ನೋಡಿದರೆ ಇಂದು ಕೂಲಿಯವನ ಜೇಬಿನಲ್ಲೂ ಕ್ಯಾಮೆರಾ ಇರುವುದು ಸಣ್ಣ ನ್ಯಾಯವೇನಲ್ಲ.

ಆದರೆ ಕೈಗೆ ಸಿಕ್ಕಿದ ಕ್ಯಾಮೆರಾ ನಮ್ಮ ಕಣ್ಣನ್ನು ಯಾವ ಕಡೆಗೆ ತಿರುಗಿಸುತ್ತಿದೆ? 2017ರ ಸೆಪ್ಟೆಂಬರಿನಲ್ಲಿ ಕನಕಪುರ ರಸ್ತೆಯ ರಾವುಗೊಡ್ಲು ಬೆಟ್ಟದ ಬಳಿ ನಡೆದದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು. ಬೆಂಗಳೂರಿನ ಕಾಲೇಜೊಂದರ ಹುಡುಗರು ಅಲ್ಲಿನ ಕಲ್ಯಾಣಿಯಲ್ಲಿ ಈಜಲು ಇಳಿದರು. ನೀರಿನಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಹದಿನೇಳರ ಒಬ್ಬ ಗೆಳೆಯ ಮುಳುಗಿ ಸತ್ತಿದ್ದ. ನಗುವ ಮುಖಗಳ ಹಿಂದೆ, ನೀರಿನ ಮಟ್ಟದಲ್ಲಿ ಅವನ ತಲೆ ಅದೇ ಚಿತ್ರದಲ್ಲಿ ಕಾಣುತ್ತಿತ್ತು. ಅವನು ಕಾಣೆಯಾದ ಮೇಲೆ ಫೋನು ನೋಡಿದಾಗಲೇ ಅದು ಅವರ ಗಮನಕ್ಕೆ ಬಂದದ್ದು. ಆ ಮಕ್ಕಳನ್ನು ದೂರಲು ನನಗೆ ನಾಲಿಗೆ ಬರುವುದಿಲ್ಲ. ಅವರು ಕಟುಕರಲ್ಲ. ಅವರ ಜಾಗದಲ್ಲಿ ನನ್ನ ತಮ್ಮನ ಮಗನಿರಬಹುದಿತ್ತು, ನಾನೇ ಇರಬಹುದಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಕ್ಯಾಮೆರಾ ಅವನನ್ನು ನೋಡಿತ್ತು, ಗೆಳೆಯರು ನೋಡಿರಲಿಲ್ಲ. ಸೆಲ್ಫಿಯಲ್ಲಿ ನಾವು ನಮ್ಮನ್ನೇ ನೋಡಿಕೊಳ್ಳುತ್ತೇವೆ. ನೆನಪಿಡಬೇಕೆಂದು ಬಯಸಿದ ಜಾಗ, ಜನ, ನೀರು, ಬೆಟ್ಟ ಎಲ್ಲವೂ ಬೆನ್ನ ಹಿಂದೆ ಇರುತ್ತವೆ.

ಇದಕ್ಕೆ ತೀರಾ ಬೇರೆಯಾದ ಇನ್ನೊಂದು ಫೋಟೋ ನನ್ನ ಬಳಿಯಿದೆ. 2001ರಲ್ಲಿ ನಾವು ಐವರು ಗೆಳೆಯರು ಮಾಗಡಿಯ ಬಸ್ಸು ಹಿಡಿದು ಸಾವನದುರ್ಗಕ್ಕೆ ಹೋಗಿದ್ದೆವು. ಬಂಡೆ ಅರ್ಧ ಹತ್ತಿ ಸುಸ್ತಾಗಿ ಕುಳಿತ ನಾಲ್ವರು ಆ ಫೋಟೋದಲ್ಲಿದ್ದೇವೆ. ಒಬ್ಬ ಚಪ್ಪಲಿ ಕೈಯಲ್ಲಿ ಹಿಡಿದಿದ್ದಾನೆ, ಇನ್ನೊಬ್ಬನ ಬಾಯಲ್ಲಿ ಸೌತೆಕಾಯಿ. ಐದನೆಯವನು ಕ್ಯಾಮೆರಾದ ಹಿಂದಿದ್ದ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ಅವನು ಎಲ್ಲಿ ಹೋದರೂ ತಾನೇ ಫೋಟೋ ತೆಗೆಯುವವನು. "ನೀನೂ ಬಾರೋ" ಎಂದರೆ, "ನಾನು ಬಂದ್ರೆ ನಿಮ್ಮ ಮುಸುಡಿ ಯಾರು ನೋಡ್ತಾರೆ" ಎನ್ನುತ್ತಿದ್ದ.

2021ರ ಮೇ ತಿಂಗಳಿನಲ್ಲಿ ಕೊರೋನಾದ ಎರಡನೆಯ ಅಲೆ ಅವನನ್ನು ಕೊಂಡೊಯ್ದಿತು. ಮುಖ ನೋಡಲೂ ಆಗಲಿಲ್ಲ. ನಾವು ನಾಲ್ವರು ನಮ್ಮ ನಮ್ಮ ಆಲ್ಬಮ್ಮುಗಳನ್ನು ಜಾಲಾಡಿದೆವು. ಇಪ್ಪತ್ತು ವರ್ಷದ ತಿರುಗಾಟದಲ್ಲಿ ಅವನ ಒಂದು ಒಳ್ಳೆಯ ಫೋಟೋ ನಮ್ಮಲ್ಲಿ ಇರಲಿಲ್ಲ. ನಮ್ಮೆಲ್ಲರನ್ನೂ ಉಳಿಸಿ ತಾನು ಉಳಿಯದೆ ಹೋಗಿದ್ದ. ಆದರೆ ಸಾವನದುರ್ಗದ ಆ ಫೋಟೋವನ್ನು ದಿಟ್ಟಿಸುತ್ತಿದ್ದ ಹಾಗೆ ನನಗೊಂದು ವಿಷಯ ಹೊಳೆಯಿತು. ನಾಲ್ವರೂ ನಗುತ್ತಿದ್ದೇವೆ, ಆ ನಗು ಅವನಿಗೆ. ಅವನೇನೋ ತಮಾಷೆ ಹೇಳಿದ್ದಾನೆ. ನಾಲ್ಕು ಜೊತೆ ಕಣ್ಣುಗಳು ಒಂದೇ ಕಡೆ ನೋಡುತ್ತಿವೆ, ಅವನು ನಿಂತಿದ್ದ ಕಡೆ. ಚಿತ್ರದಲ್ಲಿ ಇಲ್ಲದವನದೇ ಚಿತ್ರ ಅದು.

ದಾದಿಯ ಫೋಟೋದಲ್ಲಿ ಇದಿಲ್ಲ. ಅದರಲ್ಲಿ ಅವಳು ಗೊಂಬೆಯ ಕಣ್ಣನ್ನು ನೋಡುತ್ತಿದ್ದಾಳೆ, ನನ್ನನ್ನಲ್ಲ. ನಾನು ಅಲ್ಲಿದ್ದೇನೆ ಎಂಬುದೇ ಅವಳಿಗೆ ಗೊತ್ತಿಲ್ಲ. ಎಷ್ಟು ಚೆಂದದ ಚಿತ್ರ ಎಂದು ನೋಡಿದವರೆಲ್ಲ ಹೇಳುತ್ತಾರೆ. ಸಹಜವಾಗಿದೆ ಎನ್ನುತ್ತಾರೆ. ಹೌದು, ಸಹಜವಾಗಿದೆ. ಬೀಗ ಹಾಕದ ಮನೆಗೆ ಕಳ್ಳ ನುಗ್ಗಿದಾಗಲೂ ಮನೆ ಸಹಜವಾಗಿಯೇ ಇರುತ್ತದೆ.

ಗೆಳೆಯ ತೆಗೆದದ್ದಕ್ಕೂ ನಾನು ತೆಗೆದದ್ದಕ್ಕೂ ಇರುವ ವ್ಯತ್ಯಾಸ ಕ್ಯಾಮೆರಾದ್ದಲ್ಲ, ಪ್ರೀತಿಯದೂ ಅಲ್ಲ. ಇಬ್ಬರಿಗೂ ಪ್ರೀತಿಯಿತ್ತು. ಅವನಿಗೆ ನಾವು ನಮ್ಮ ಮುಖವನ್ನು ಕೊಟ್ಟೆವು, ನಾನು ದಾದಿಯ ಮುಖವನ್ನು ತೆಗೆದುಕೊಂಡೆ. ಪ್ರೀತಿಯಿದ್ದರೆ ಅನುಮತಿ ಬೇಡ ಎಂದು ನಾವು ತಿಳಿದಿದ್ದೇವೆ. ಮನೆಯವರ ವಿಷಯದಲ್ಲಂತೂ ಇದು ಹೆಚ್ಚು. ಅಪರಿಚಿತರ ಫೋಟೋ ತೆಗೆಯುವಾಗ ಹಿಂಜರಿಯುವ ನಾವು ಮಲಗಿದ ಹೆಂಡತಿಯದು, ಜ್ವರದಲ್ಲಿ ನರಳುವ ತಾಯಿಯದು, ಸ್ನಾನ ಮಾಡುವ ಮಗುವಿನದು ತೆಗೆದು ಊರಿಗೆಲ್ಲ ಹಂಚುತ್ತೇವೆ. ನಮ್ಮವರಲ್ಲವೇ ಎಂಬುದು ನಮ್ಮ ಸಮಜಾಯಿಷಿ. ನಮ್ಮವರು ಎಂಬ ಕಾರಣಕ್ಕೇ ಅವರು ನಮ್ಮೆದುರು ಸೆರಗಿನ ಚಿಂತೆಯಿಲ್ಲದೆ ಕುಳಿತಿರುತ್ತಾರೆ ಎಂಬುದನ್ನು ಮರೆಯುತ್ತೇವೆ.

ಒಬ್ಬನು ನಿಮ್ಮೊಡನೆ ಮಾತಾಡುತ್ತ ಯಾರಾದರೂ ಕೇಳಿಸಿಕೊಂಡಾರೇ ಎಂದು ಅತ್ತಿತ್ತ ನೋಡಿದರೆ ಆ ಮಾತು ನಿಮ್ಮಲ್ಲಿಟ್ಟ ಅಮಾನತು ಎಂಬ ಅರ್ಥದ ಒಂದು ಹದೀಸಿದೆ. ಅವನು 'ಯಾರಿಗೂ ಹೇಳಬೇಡ' ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮನೆಯೊಳಗೆ ಕಂಡ ಮುಖವೂ ಇಂಥದೇ ಅಮಾನತು ಎಂದು ನನಗೆ ಅನ್ನಿಸುತ್ತದೆ. ಫೋಟೋ ತೆಗೆದವನು ಅದರ ಮಾಲೀಕನಲ್ಲ, ಕಾವಲುಗಾರ. ಪೆಟ್ಟಿಗೆಯಲ್ಲಿಡುವುದು, ಕೈಯಿಂದ ಕೈಗೆ ಕೊಟ್ಟು ಅದರ ಕತೆ ಹೇಳುವುದು, ಮತ್ತೆ ಒಳಗಿಡುವುದು, ಇದು ಕಾವಲು. 24 ಗಂಟೆಯಲ್ಲಿ ಮಾಯವಾಗುವ ಸ್ಟೇಟಸ್‌ಗೆ ಹಾಕಿ, ಅಷ್ಟರಲ್ಲಿ ಯಾರ್ಯಾರ ಫೋನಿಗೆ ಇಳಿಯಿತೋ ತಿಳಿಯದೆ ಇರುವುದು ಕಾವಲಲ್ಲ.

ಮರುದಿನ ಹುಡುಗನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನನ್ನ ಸುಳ್ಳನ್ನೂ ಸೇರಿಸಿ. ಅವನು ಸುಮ್ಮನೆ ಕೇಳಿದ. ಫೋನು ತೆಗೆದು ಅಳಿಸಿದ. ಆ ಮೇಲೆ ಹೇಳಿದ: "ತಪ್ಪಾಯ್ತು ಬಡೇ ಅಬ್ಬಾ. ಆದ್ರೆ ಒಂದು ಕೇಳ್ತೀನಿ. ಅವತ್ತು ನೀವು ಕದೀದೇ ಇದ್ದಿದ್ರೆ ಪರ್‌ದಾದಿ ಮುಖ ನನಗೆ ಎಲ್ಲಿಂದ ಗೊತ್ತಾಗ್ತಿತ್ತು?"

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದ್ದಂತೆ ನಟಿಸುವುದೂ ಬೇಡ. ಆ ಫೋಟೋ ಇಲ್ಲದಿದ್ದರೆ ನಮ್ಮ ಮನೆ ಬಡವಾಗುತ್ತಿತ್ತು. ಅದು ಇರುವುದರಿಂದ ನಾನು ಸಾಲಗಾರ. ಎರಡೂ ನಿಜ. ಸತ್ತವರ ಹತ್ತಿರ ಈಗ ಅನುಮತಿ ಕೇಳಲಾಗುವುದಿಲ್ಲ. ಆದರೆ ಬದುಕಿರುವವರ ಹತ್ತಿರ ಕೇಳಬಹುದು. ಆ ಸಾಲ ತೀರಿಸಲು ನನಗೆ ತೋಚುವ ದಾರಿ ಅದೊಂದೇ.

ಅದೇ ದಿನ ಮಧ್ಯಾಹ್ನ ಅಮ್ಮಿ ಅಂಗಳದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಿಸಿಲು ಅದೇ ಅಂಗಳದ್ದು. ಕೈ ತಾನಾಗಿ ಜೇಬಿಗೆ ಹೋಯಿತು. ಹೊರತೆಗೆಯುವ ಮೊದಲು ಕೇಳಿದೆ: "ಅಮ್ಮಿ, ಒಂದು ಫೋಟೋ ತೆಗೆಯಲಾ?"

ಅವಳು ತಲೆಯೆತ್ತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನಲವತ್ತು ದಾಟಿದ ಮಗ ಹೊಸದಾಗಿ ಮರ್ಯಾದೆ ಕಲಿತಿದ್ದಾನೆ ಎಂಬಂತೆ. "ಇವತ್ತು ನಕ್ಕೋ. ಕೈಯೆಲ್ಲ ಹುಣಸೆ" ಎಂದಳು. ನಾನು ಫೋನು ಒಳಗಿಟ್ಟು ಪಕ್ಕದಲ್ಲಿ ಕುಳಿತು ಬೀಜ ಬಿಡಿಸತೊಡಗಿದೆ. ತವರುಮನೆಯ ರಾಮನಗರದ ಮಾತು ಬಂತು. ತನ್ನ ತಾಯಿಯ ಬೆರಳುಗಳ ಮಾತು ಬಂತು. ಕುದಿನೀರಿನಿಂದ ಕೈ ತೆಗೆದು ಮಕ್ಕಳ ಕೆನ್ನೆಗೆ ಇಟ್ಟರೆ ಎಷ್ಟು ಬೆಚ್ಚಗಿರುತ್ತಿತ್ತು ಎಂದು ಹೇಳಿದಳು. ಯಾವ ಫೋಟೋದಲ್ಲೂ ಸಿಗದ ವಿಷಯ ಅದು. ಕ್ಯಾಮೆರಾ ಹಿಡಿದು ನಿಂತಿದ್ದರೆ ನನಗೂ ಸಿಗುತ್ತಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಬಂದಾಗ ಅವಳೇ ಕರೆದಳು. ಒಗೆದ ಸೀರೆ ಉಟ್ಟು, ಸೆರಗು ಸರಿಯಾಗಿ ಹೊದ್ದು, ಅಂಗಳದ ಕುರ್ಚಿಯಲ್ಲಿ ಕುಳಿತಿದ್ದಳು. "ಈಗ ತೆಗಿ" ಎಂದಳು. ತೆಗೆದೆ. ರಾಮನಗರಕ್ಕೆ ಹೋಗಿ ಪ್ರಿಂಟು ಹಾಕಿಸಿ ತಂದು ಅವಳ ಕೈಗೇ ಕೊಟ್ಟೆ. ಸ್ವಲ್ಪ ಬಿಗುವಾಗಿ ಕುಳಿತಿದ್ದಾಳೆ. ದಾದಿಯ ಫೋಟೋದಷ್ಟು ಚೆಂದವಿಲ್ಲ. ಆದರೆ ಇದರಲ್ಲಿ ಅವಳು ನೇರವಾಗಿ ನನ್ನನ್ನು ನೋಡುತ್ತಿದ್ದಾಳೆ.